ಕವಳದ ಲೆಕ್ಕವೂ ಬೇಕರಿಯ ಸಿಹಿಯೂ

ಆರು ಬಗೆಯ ಬಾಹ್ಯ ತಪಸ್ಸುಗಳಲ್ಲಿ ಅನಶನದ ಬೆನ್ನಿಗೇ ಬರುವುದು ಅವಮೌದರ್ಯ. ಊನೋದರವೆಂದೂ ಇದಕ್ಕೆ ಹೆಸರುಂಟು. ಹೊಟ್ಟೆ ತುಂಬುವ ಮೊದಲೇ ಕೈತೊಳೆಯುವ ಈ ವ್ರತ ನೋಡಲು ಸುಲಭ, ನಡೆಸಲು ಕಠಿಣ. ಉಪವಾಸದ ದಿನ ತಟ್ಟೆಯೇ ಮುಂದಿರುವುದಿಲ್ಲ. ಊನೋದರದಲ್ಲಾದರೋ ತಟ್ಟೆಯ ಮುಂದೆ ಕುಳಿತು, ರುಚಿ ನಾಲಗೆಯ ಮೇಲಿರುವಾಗಲೇ ಏಳಬೇಕು. ಎಷ್ಟಕ್ಕೆ ಏಳಬೇಕೆಂಬುದನ್ನು ಆಚಾರ್ಯರು ಮನಸ್ಸಿನ ಅಂದಾಜಿಗೆ ಬಿಟ್ಟಿಲ್ಲ. ಪುರುಷನ ಪೂರ್ಣಾಹಾರ ೩೨ ಕವಳ, ಸ್ತ್ರೀಯದು ೨೮ ಕವಳ ಎಂದು ಮೂಲಾಚಾರ, ಭಗವತೀ ಆರಾಧನೆಗಳು ಅಳತೆ ಕೊಡುತ್ತವೆ. ಇದರಲ್ಲಿ ಒಂದು ಕವಳ ಬಿಟ್ಟರೂ ಅವಮೌದರ್ಯವೇ. ಬಿಡುತ್ತ ಬಿಡುತ್ತ ಒಂದೇ ಕವಳಕ್ಕೆ ಬಂದರೆ ಅದು ಉತ್ಕೃಷ್ಟ.

ಕವಳವೆಂದರೆ ಎಷ್ಟು? ಸಾವಿರ ಅಕ್ಕಿಕಾಳು ಸೇರಿದರೆ ಒಂದು ಕವಳವೆಂಬುದು ಪರಂಪರೆಯ ಮಾತು. ಇದನ್ನು ತಕ್ಕಡಿಗೆ ಹಾಕಿ ನೋಡುವುದು ಕುತೂಹಲಕರ. ಅಕ್ಕಿಯ ಜಾತಿಗೆ ತಕ್ಕಂತೆ ಸಾವಿರ ಕಾಳು ೧೫ರಿಂದ ೨೦ ಗ್ರಾಂ ತೂಗುತ್ತವೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು ೩೫೦ ಕ್ಯಾಲೊರಿ ಶಕ್ತಿಯಿರುವುದರಿಂದ, ಒಂದು ಕವಳಕ್ಕೆ ೬೦ ಕ್ಯಾಲೊರಿಯೆಂದು ಹಿಡಿಯಬಹುದು. ಆಗ ೩೨ ಕವಳಕ್ಕೆ ೧,೯೨೦. ೨೮ ಕವಳಕ್ಕೆ ೧,೬೮೦. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೨೦ರಲ್ಲಿ ಸೂಚಿಸಿದ ಪ್ರಮಾಣದಂತೆ, ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ೨,೧೧೦, ಹೆಂಗಸಿಗೆ ೧,೬೬೦ ಕ್ಯಾಲೊರಿ ಬೇಕು. ಪ್ರಾಚೀನರ ಅಳತೆಯೂ ಇಂದಿನ ಅಳತೆಯೂ ಇಷ್ಟು ಹತ್ತಿರ ನಿಲ್ಲುವುದು ಬೆರಗಿನ ಸಂಗತಿಯೇ. ಆದರೆ ಈ ಲೆಕ್ಕ ಅನ್ನದ ಕವಳಕ್ಕೆ ಹೊಂದುವುದೇ ಹೊರತು ಬೇಕರಿಯ ಕಪಾಟಿನಲ್ಲಿರುವ ಪದಾರ್ಥಕ್ಕಲ್ಲ. ತೂಕ ಇಳಿಸುವ ಉದ್ದೇಶವೂ ಸೇರಿ ವ್ರತ ಹಿಡಿದವರು ಎಡವುವುದು ಇಲ್ಲಿಯೇ.

ಪಾರ್ಶ್ವನಾಥ ಬಸದಿಯಿರುವ ಅಣ್ಣಿಗೇರಿಯಲ್ಲಿ ಅಂಗಡಿ ನಡೆಸುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಿರಿ. ದಿನವೆಲ್ಲ ಗಾದಿಯ ಮೇಲೆ ಕುಳಿತು ಮೈ ಬೆಳೆದಿದೆ. ರಕ್ತದಲ್ಲಿ ಸಕ್ಕರೆ ಏರುವ ಮೊದಲೇ ತೂಕ ಇಳಿಸಬೇಕೆಂದು ವೈದ್ಯರು ಎಚ್ಚರಿಸಿದ್ದಾರೆ. ಆತ ಚಾತುರ್ಮಾಸದ ಆರಂಭದಲ್ಲಿ ದಿನಕ್ಕೆ ನಾಲ್ಕು ಕವಳ ಬಿಡುವ ನಿಯಮ ಹಿಡಿದ. ಮಧ್ಯಾಹ್ನದ ಊಟದಲ್ಲಿ ನಿಯಮ ಚಾಚೂ ತಪ್ಪಲಿಲ್ಲ. ಆದರೆ ಆ ಹಸಿವು ಸಂಜೆ ಐದಕ್ಕೆ ಎದ್ದು ಕುಳಿತಿತು. ಸೂರ್ಯಾಸ್ತಕ್ಕೆ ಇನ್ನೂ ಹೊತ್ತಿದೆ, ಊಟವಂತೂ ಅಲ್ಲ ಎಂದು ಚಹದೊಂದಿಗೆ ಮೂರು ನಾನಖಟಾಯಿ ತಿನ್ನತೊಡಗಿದ. ಮೂರು ತಿಂಗಳ ಬಳಿಕ ತೂಗಿಕೊಂಡರೆ ಮುಳ್ಳು ಮೇಲಕ್ಕೇ ಸರಿದಿದೆ! ವ್ರತದಿಂದ ಫಲವಿಲ್ಲವೆಂಬ ಬೇಸರ ಆತನಿಗೆ ಬಂದರೆ ಆಶ್ಚರ್ಯವಿಲ್ಲ. ತಪ್ಪು ವ್ರತದ್ದಲ್ಲ, ಅಂದಾಜಿನದು.

ನಾನಖಟಾಯಿಯ ಲೆಕ್ಕ ಕಷ್ಟವೇನಲ್ಲ. ಮಾಡುವವನನ್ನು ಕೇಳಿದರೆ ಸಾಮಗ್ರಿಯ ಅಳತೆ ಹೇಳುತ್ತಾನೆ. ಒಂದು ಕಿಲೋ ಮೈದಾ, ಅರ್ಧ ಕಿಲೋ ಸಕ್ಕರೆ ಪುಡಿ, ಅರ್ಧ ಕಿಲೋ ವನಸ್ಪತಿ ಎಂದಿಟ್ಟುಕೊಳ್ಳೋಣ. ಹಿಟ್ಟಿಗೂ ಸಕ್ಕರೆಗೂ ಗ್ರಾಮಿಗೆ ಹೆಚ್ಚುಕಡಿಮೆ ನಾಲ್ಕು, ಜಿಡ್ಡಿಗೆ ಒಂಬತ್ತು ಕ್ಯಾಲೊರಿ. ಮೈದಾದಲ್ಲಿ ಸ್ವಲ್ಪ ತೇವವಿರುವುದರಿಂದ ಮೂರೂವರೆ ಸಾಕು. ಮೈದಾದಿಂದ ೩,೫೦೦, ಸಕ್ಕರೆಯಿಂದ ೨,೦೦೦, ವನಸ್ಪತಿಯಿಂದ ೪,೫೦೦, ಒಟ್ಟು ೧೦,೦೦೦. ಇದರಲ್ಲಿ ನೂರು ನಾನಖಟಾಯಿ ಕಟ್ಟಿದರೆ ಒಂದೊಂದಕ್ಕೆ ನೂರು ಕ್ಯಾಲೊರಿ. ತೂಕದಲ್ಲಿ ಕಾಲು ಭಾಗವಾದ ಜಿಡ್ಡು ಶಕ್ತಿಯಲ್ಲಿ ಅರ್ಧಕ್ಕೆ ಸಮೀಪಿಸುತ್ತದೆ ಎಂಬುದನ್ನು ಗಮನಿಸಬೇಕು. ಒಲೆಯಲ್ಲಿ ಬೆಂದಾಗ ನೀರು ಹೋಗುತ್ತದೆ, ಕ್ಯಾಲೊರಿ ಹೋಗುವುದಿಲ್ಲ.

ಅಂದರೆ ೨೦ ಗ್ರಾಂ ತೂಗುವ ಒಂದು ನಾನಖಟಾಯಿ ಒಂದೂಮುಕ್ಕಾಲು ಕವಳಕ್ಕೆ ಹತ್ತಿರ. ಅದೇ ಒಂದು ಕವಳದ ಅಕ್ಕಿ ಬೆಂದು ಅನ್ನವಾದಾಗ ೪೫ ಗ್ರಾಂ ದಾಟುತ್ತದೆ. ಕಣ್ಣಿಗೂ ಹೊಟ್ಟೆಗೂ ಚಿಕ್ಕದಾದುದು ಲೆಕ್ಕದಲ್ಲಿ ದೊಡ್ಡದು! ಆ ಗೃಹಸ್ಥ ಮಧ್ಯಾಹ್ನ ಬಿಟ್ಟದ್ದು ೨೪೦, ಸಂಜೆ ಸೇರಿಸಿಕೊಂಡದ್ದು ೩೦೦. ದಿನಕ್ಕೆ ೬೦ ಹೆಚ್ಚಾದರೆ ತೊಂಬತ್ತು ದಿನಕ್ಕೆ ೫,೪೦೦. ಮೈಯ ಒಂದು ಕಿಲೋ ಕೊಬ್ಬಿಗೆ ಸುಮಾರು ೭,೭೦೦ ಕ್ಯಾಲೊರಿಯೆನ್ನುವುದರಿಂದ, ಮುಕ್ಕಾಲು ಕಿಲೋದಷ್ಟು ಏರಿಕೆಗೆ ಇದೇ ಸಾಕು.

ಪ್ರತಿ ತಿನಿಸಿನ ಸಾಮಗ್ರಿ ಕೇಳುವುದು ಸಾಧ್ಯವಿಲ್ಲದಾಗ ತೂಕದಿಂದ ಅಂದಾಜಿಸಬಹುದು. ಮೆತ್ತಗಿನ ಬನ್ನಿಗೆ ಗ್ರಾಮಿಗೆ ಮೂರಕ್ಕಿಂತ ತುಸು ಕಡಿಮೆ, ಧಾರವಾಡ ಪೇಢೆಯಂಥ ಖೋವಾ ಸಕ್ಕರೆಯ ಸಿಹಿಗೆ ನಾಲ್ಕು, ಜಿಡ್ಡು ಕಲಸಿದ ಬಿಸ್ಕತ್ತಿಗೆ ಐದು. ಎಲ್ಲರನ್ನೂ ಮೋಸಗೊಳಿಸುವುದು ಖಾರಿ. ಬಾಯಲ್ಲಿಟ್ಟರೆ ಪುಡಿಯಾಗುವ ಅದನ್ನು ಹಗುರವೆಂದು ಕಾಯಿಲೆಯವರಿಗೂ ಕೊಡುವುದುಂಟು. ಅದರಲ್ಲಿ ಹಗುರವಾಗಿರುವುದು ಪದರಗಳ ನಡುವಣ ಗಾಳಿ ಮಾತ್ರ. ಪದರಗಳನ್ನು ಬಿಡಿಸಿದ್ದು ಜಿಡ್ಡು. ಗ್ರಾಮಿಗೆ ಐದಕ್ಕೆ ಅದೂ ಕಡಿಮೆಯಿಲ್ಲ. ವನಸ್ಪತಿಯಲ್ಲಿನ ಟ್ರಾನ್ಸ್ ಕೊಬ್ಬಿಗೆ ೨೦೨೨ರಿಂದ ಶೇಕಡಾ ೨ರ ಮಿತಿಯಿರುವುದು ಹೃದಯಕ್ಕೆ ಒಳ್ಳೆಯದೇ, ಆದರೆ ಅದರಿಂದ ಕ್ಯಾಲೊರಿ ಇಳಿಯದು.

ರಸಪರಿತ್ಯಾಗ ಮಾಡಿದವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ಎಣ್ಣೆಯನ್ನು ಬಿಟ್ಟವರು ಖಾರಿ ತಿಂದರೆ ನಿಯಮ ಉಳಿಯಲಿಲ್ಲ. ವನಸ್ಪತಿ ಗಟ್ಟಿಯಾಗಿಸಿದ ಎಣ್ಣೆಯೇ. ತುಪ್ಪವನ್ನಷ್ಟೇ ಬಿಟ್ಟವರ ನಿಯಮ ಅಕ್ಷರಶಃ ಉಳಿದೀತು, ತೂಕಕ್ಕೆ ಮಾತ್ರ ಪ್ರಯೋಜನವಾಗದು. ಕೇಕಿನಲ್ಲಿ ಮೊಟ್ಟೆಯಿದೆಯೇ ಎಂದು ವಿಚಾರಿಸುವುದನ್ನಂತೂ ಯಾವ ಶ್ರಾವಕನೂ ಮರೆಯನು.

ಇಷ್ಟಾಗಿಯೂ ಅಂದಾಜು ಅಂದಾಜೇ. ಒಬ್ಬನ ನಾನಖಟಾಯಿ ೨೦ ಗ್ರಾಂ, ಇನ್ನೊಬ್ಬನದು ೩೦. ಆದುದರಿಂದ ಕ್ಯಾಲೊರಿಯ ಮೇಲೆ ವ್ರತ ಹಿಡಿಯುವುದು ಸರಿಯಲ್ಲ. ದಿನವೂ ತನಗೆ ಅನುಕೂಲವಾಗುವಂತೆ ಲೆಕ್ಕ ತಿದ್ದುವ ಅಭ್ಯಾಸ ಬೆಳೆದೀತು. ಭೋಗೋಪಭೋಗ ಪರಿಮಾಣದ ರೀತಿಯಲ್ಲಿ ಪದಾರ್ಥದ ಹೆಸರು, ಸಂಖ್ಯೆ, ಕಾಲ ಮೂರನ್ನೂ ಮೊದಲೇ ಗೊತ್ತುಮಾಡುವುದು ಲೇಸು: ಈ ಪರ್ವ ಮುಗಿಯುವವರೆಗೆ ವಾರಕ್ಕೆ ಎರಡು ನಾನಖಟಾಯಿ, ತಿಂದ ದಿನ ಊಟದಲ್ಲಿ ನಾಲ್ಕು ಕವಳ ಕಡಿಮೆ, ಹೀಗೆ. ಸಂಖ್ಯೆ ಗೊತ್ತುಮಾಡುವಾಗ ಕ್ಯಾಲೊರಿಯ ಲೆಕ್ಕ ನೆರವಾಗಲಿ. ಬೇಕರಿಯ ಮುಂದೆ ನಿಂತಾಗ ಸಂಖ್ಯೆಯೊಂದೇ ನೆನಪಿರಲಿ.

ಸಂಜೆಯ ಹಸಿವಿಗೆ ಏನಾದರೂ ಬೇಕೇ ಬೇಕೆನ್ನುವವರು ದೂರ ಹುಡುಕಬೇಕಿಲ್ಲ. ಅಣ್ಣಿಗೇರಿಯ ಹೆಸರು ಹೊತ್ತ ಕಡಲೆಯ ತಳಿ, ‘ಅಣ್ಣಿಗೇರಿ-೧’, ನಾಡಿನ ಹೊಲಗಳಲ್ಲೆಲ್ಲ ಪ್ರಸಿದ್ಧ. ೨೫ ಗ್ರಾಂ ಹುರಿಗಡಲೆಯಲ್ಲಿ ಸುಮಾರು ೯೦ ಕ್ಯಾಲೊರಿ. ಒಂದು ನಾನಖಟಾಯಿಗಿಂತ ಬಹಳ ಕಡಿಮೆಯೇನಲ್ಲ. ಆದರೆ ಅದರಲ್ಲಿ ಐದು ಗ್ರಾಮಿನಷ್ಟು ಸಸಾರಜನಕವುಂಟು, ನಾನಖಟಾಯಿಯಲ್ಲಿ ಒಂದೇ ಗ್ರಾಂ. ಅಗಿಯಲು ಹೊತ್ತು ಹಿಡಿಯುತ್ತದೆ, ಇನ್ನೊಂದು ಹಿಡಿಗೆ ಕೈ ಬೇಗನೆ ಹೋಗುವುದಿಲ್ಲ.

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕವಳ ಕಡಿಮೆ ಮಾಡುವ ಮೊದಲು, ಉಪವಾಸಕ್ಕಂತೂ ಖಂಡಿತವಾಗಿ, ವೈದ್ಯರಿಗೆ ತಿಳಿಸಿ ಔಷಧಿಯ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಔಷಧಿ ಹಾಗೆಯೇ ಇದ್ದು ಆಹಾರ ಮಾತ್ರ ಇಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.