ಕಂಪನಿ ಬಿಟ್ಟ ಏಜೆಂಟನ ರಿನ್ಯೂವಲ್ ಲೆಕ್ಕ

ಚೀಕಲಪರ್ವಿಯಲ್ಲಿ ತಿಂಗಳ ಕಂತಿನ ಪಾಲಿಸಿ ನಡೆಯುವುದಿಲ್ಲ. ಭತ್ತ ಮಾರಿದ ದುಡ್ಡು ಕೈಗೆ ಬರುವ ಕಾಲ ನೋಡಿ ಕಂತು ಕಟ್ಟುವ ಊರದು. ಹೊರಗಿನವರಿಗೆ ತುಂಗಭದ್ರೆಯ ದಂಡೆಯ ಈ ಹಳ್ಳಿ ವಿಜಯದಾಸರು ಹುಟ್ಟಿದ ಸ್ಥಳ. ಮಾನ್ವಿ, ದೇವದುರ್ಗ ತಾಲ್ಲೂಕುಗಳಲ್ಲಿ ಪಾಲಿಸಿ ಮಾಡಿಸುತ್ತ ಸಂಸಾರ ನಡೆಸಿದ ಈ ಅಂಕಣಕಾರನಿಗೆ ಮಾತ್ರ ಅದು ಅರ್ಧವಾರ್ಷಿಕ ಕಂತಿನ ಊರು.

ಒಂದು ಹಂಗಾಮಿನಲ್ಲಿ ಅವನಿಗೆ ಸಾಲುಸಾಲಾಗಿ ಕರೆಗಳು ಬಂದವು. ಒಂದು ಖಾಸಗಿ ಜೀವವಿಮಾ ಕಂಪನಿಯದು, ಇನ್ನೊಂದು ವಿಮಾ ಮಾರ್ಕೆಟಿಂಗ್ ಫರ್ಮಿನದು, ಮತ್ತೊಂದು ಮೊಬೈಲ್ ಆ್ಯಪಿನಲ್ಲೇ ಪಾಲಿಸಿ ಮಾರುವ ಮಧ್ಯವರ್ತಿಯದು. ರಾಯಚೂರಿನ ಹೋಟೆಲೊಂದರಲ್ಲಿ ಊಟ ಹಾಕಿಸಿ ಮಾತಾಡಿದವರೂ ಇದ್ದರು. ಎಲ್ಲರ ಮಾತೂ ಮೊದಲ ವರ್ಷದ ಕಮಿಷನ್ನಿನ ಶೇಕಡಾವಾರಿನಿಂದ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಎರಡನೇ ವರ್ಷದ ಮಾತೆತ್ತಿದರೆ ಚಹಾ ಬರುತ್ತಿತ್ತು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. 1938ರ ವಿಮಾ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಬ್ಬ ಏಜೆಂಟ್ ಒಂದು ಜೀವವಿಮಾ, ಒಂದು ಸಾಮಾನ್ಯ ವಿಮಾ, ಒಂದು ಆರೋಗ್ಯ ವಿಮಾ ಕಂಪನಿಗೆ ಕೆಲಸ ಮಾಡಬಹುದು. ಎರಡು ಜೀವವಿಮಾ ಕಂಪನಿಗಳಿಗೆ ಒಟ್ಟಿಗೆ ಮಾಡುವಂತಿಲ್ಲ. ಹೆಂಡತಿಯ ಹೆಸರಲ್ಲಿ ಇನ್ನೊಂದು ಏಜೆನ್ಸಿ ಇಟ್ಟು ಎರಡೂ ಕಡೆ ಉಣ್ಣುವವರು ಈ ಧಂದೆಯಲ್ಲಿ ಇದ್ದಾರೆ. ಸಿಕ್ಕಿಬಿದ್ದರೆ ಹೆಂಡತಿಯೇ ಸಹಿಗೆ ಉತ್ತರ ಕೊಡಬೇಕಾಗುತ್ತದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ.

ಮಾರ್ಕೆಟಿಂಗ್ ಫರ್ಮಿನ ಆಕರ್ಷಣೆ ಹುಟ್ಟುವುದು ಇಲ್ಲೇ. 2015ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇಂಥ ಫರ್ಮುಗಳಿಗೆ ನಿಯಮ ಮಾಡಿದಾಗ, ಒಂದು ಫರ್ಮು ಪ್ರತಿ ಬಗೆಯಲ್ಲೂ ಎರಡೆರಡು ಕಂಪನಿಗಳ ಪಾಲಿಸಿ ಮಾರಬಹುದಿತ್ತು. 2022ರ ಡಿಸೆಂಬರಿನ ತಿದ್ದುಪಡಿ ಅದನ್ನು ಆರಾರಕ್ಕೆ ಏರಿಸಿತು. ಗ್ರಾಹಕನ ಮುಂದೆ ನಾಲ್ಕಾರು ಯೋಜನೆ ಹರಡಿ ಕೂರಬಹುದೆಂಬುದು ನಿಜ. ಆದರೆ ಕಂಪನಿಯಿಂದ ಕಮಿಷನ್ ಬರುವುದು ಫರ್ಮಿಗೆ, ಮಾರಿದವನಿಗಲ್ಲ; ಅವನಿಗೆ ಸಿಗುವುದು ಫರ್ಮು ಕೊಟ್ಟಷ್ಟು. ಅಲ್ಲಿಂದಲೂ ಹೊರಬಿದ್ದರೆ ಊರೂರು ಅಲೆದು ಮಾಡಿಸಿದ ಪಾಲಿಸಿಗಳೆಲ್ಲ ಫರ್ಮಿನ ಖಾತೆಯಲ್ಲೇ ಉಳಿಯುತ್ತವೆ. ಹಳೆಯ ಕೈಗಳು ಫರ್ಮು ಸೇರಲು ಹಿಂದೆಮುಂದೆ ನೋಡುವುದು ಸುಮ್ಮನೆ ಅಲ್ಲ.

ರಿನ್ಯೂವಲ್ಲಿನ, ಅಂದರೆ ಎರಡನೇ ವರ್ಷದಿಂದ ಬರುವ ಕಮಿಷನ್ನಿನ, ಲೆಕ್ಕ ಹೀಗಿದೆ. ಏಜೆಂಟನೊಬ್ಬನ ಹಳೆಯ ಪಾಲಿಸಿಗಳಿಂದ ವರ್ಷಕ್ಕೆ 12 ಲಕ್ಷ ರೂಪಾಯಿ ಪ್ರೀಮಿಯಂ ಜಮೆಯಾಗುತ್ತದೆ ಎಂದಿಟ್ಟುಕೊಳ್ಳಿ. ಶೇ 5ರ ದರದಲ್ಲಿ 60,000 ರೂಪಾಯಿ ಮನೆಗೆ ಬರುತ್ತದೆ. ಕಂಪನಿ ಬಿಟ್ಟಕೂಡಲೇ ಇದು ನಿಂತರೆ, ಹೊಸ ಕಡೆ ಮೊದಲ ವರ್ಷಕ್ಕೆ ಶೇ 35 ಕೊಟ್ಟರೂ ಸುಮಾರು 1.71 ಲಕ್ಷದ ಹೊಸ ಪ್ರೀಮಿಯಂ ತಂದಾಗ ಮಾತ್ರ ಅಷ್ಟು ದುಡ್ಡು ಹುಟ್ಟುತ್ತದೆ. 20,000 ರೂಪಾಯಿಯ ಪಾಲಿಸಿಯಾದರೆ ಒಂಬತ್ತು ಮನೆ. ಮೊದಲ ವರ್ಷ ಇದ್ದಲ್ಲೇ ಇರಲಿಕ್ಕೇ ಒಂಬತ್ತು ಹೊಸ ಮನೆ! ಬಿಟ್ಟ ಮೇಲೂ ರಿನ್ಯೂವಲ್ ಬರುತ್ತದೆಯೇ ಎಂಬುದು ಸೇವೆಯ ಅವಧಿ ಮತ್ತು ಏಜೆನ್ಸಿ ಕರಾರಿನ ಷರತ್ತುಗಳ ಮೇಲೆ ನಿಂತಿದೆ. ಕರೆಯಲು ಬಂದವರು ಆ ಪುಟವನ್ನು ತೆರೆದು ತೋರಿಸಿದ್ದನ್ನು ಅಂಕಣಕಾರ ಕಂಡಿಲ್ಲ.

ಬಿಟ್ಟು ಹೋಗಿ ತಿರುಗಿ ಬಂದವರ ಕತೆ ಇನ್ನೂ ಕಹಿಯಾಗಿತ್ತು. ಎಲ್‌ಐಸಿಗೆ ಮರಳಿ ಸೇರಿದ ಏಜೆಂಟರಿಗೆ ಹಳೆಯ ಏಜೆನ್ಸಿಯ ವ್ಯವಹಾರದ ಮೇಲೆ ರಿನ್ಯೂವಲ್ ಕಮಿಷನ್ ಇರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಹಣಕಾಸು ಸಚಿವಾಲಯ ಅದಕ್ಕೆ ದಾರಿ ಮಾಡಿಕೊಟ್ಟಿತು; ಜೊತೆಗೆ ಏಜೆಂಟರ ಗ್ರಾಚ್ಯುಟಿ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲು ಒಪ್ಪಿತು. ಹದಿಮೂರು ಲಕ್ಷಕ್ಕೂ ಹೆಚ್ಚು ಏಜೆಂಟರಿರುವ ಸಂಸ್ಥೆಯಲ್ಲಿ ಇದು ಸಣ್ಣ ವಿಷಯವಲ್ಲ. ಖಾಸಗಿಯವರ ಕರೆಯನ್ನು ತೂಗುವಾಗ ಈ ಗ್ರಾಚ್ಯುಟಿಯನ್ನೂ ತಕ್ಕಡಿಗೆ ಹಾಕಲೇಬೇಕು.

ಹೋಗುವುದೇ ಖಚಿತವಾದರೆ ತಿಂಗಳು ನೋಡಿ ಹೋಗಬೇಕು. ನೇಮಕಪತ್ರ, ಗುರುತಿನ ಚೀಟಿ ಒಪ್ಪಿಸಿ ಹಳೆಯ ಕಂಪನಿಯಿಂದ ಏಜೆನ್ಸಿ ಮುಗಿದ ಪ್ರಮಾಣಪತ್ರ ಪಡೆದ ಮೇಲೂ, 2016ರ ನಿಯಮಗಳ ಪ್ರಕಾರ, 90 ದಿನ ಕಳೆಯದೆ ಇನ್ನೊಂದು ಕಂಪನಿ ನೇಮಿಸಿಕೊಳ್ಳುವಂತಿಲ್ಲ. ಡಿಸೆಂಬರಿನಲ್ಲಿ ಬಿಟ್ಟವನ ಕೈಯಲ್ಲಿ ಭತ್ತದ ದುಡ್ಡಿನ ಕಾಲವೂ ಉಳಿಯದು, ಮಾರ್ಚಿನ ತೆರಿಗೆ ಉಳಿತಾಯದ ಹಂಗಾಮಿನ ಬಹುಪಾಲೂ ಉಳಿಯದು. ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ರಮಾಣಪತ್ರ ಕೈಗೆ ಬಂದರೆ ಎರಡೂ ಸಿಗುತ್ತವೆ.

ಇನ್ನು ಗ್ರಾಹಕರ ಪಾಡು. ಚೀಕಲಪರ್ವಿಯ ಹಿರಿಯರೊಬ್ಬರು ಕೇಳಿದ್ದು ಇಷ್ಟೇ: “ಕಂಪನಿ ಯಾವ್ದಾರ ಇರ್ಲಿ, ಕಂತು ಕಟ್ಟಸಾಕ ಮನೀಗಿ ನೀನ ಬರ್ತೀಯಿಲ್ಲಪ?” ಬರಲಾರೆ ಎನ್ನುವುದೇ ಸರಿಯಾದ ಉತ್ತರವಾಗಿತ್ತು; ಏಕೆಂದರೆ ಪಾಲಿಸಿ ಕಂಪನಿಯದು, ಏಜೆಂಟ್ ಹೋದರೆ ಅದು ಅನಾಥ. ಆಗ ಕಂಪನಿ ಬದಲಿಸಿದವನಿಗೆ ಹೊಸ ಟಾರ್ಗೆಟ್ಟಿನ ಒತ್ತಡದಲ್ಲಿ ಹಳೆಯದನ್ನು ಸರೆಂಡರ್ ಮಾಡಿಸಿ ಹೊಸದು ಬರೆಸುವ ಚಪಲ ಹುಟ್ಟುತ್ತದೆ. 2024ರ ಅಕ್ಟೋಬರಿನಿಂದ ಸರೆಂಡರ್ ನಿಯಮ ಗ್ರಾಹಕರ ಪರವಾಗಿ ಸಡಿಲಗೊಂಡಿದೆ, ನಿಜ. ಆದರೂ ಏರಿದ ವಯಸ್ಸಿಗೆ ಹೊಸ ಪ್ರೀಮಿಯಂ ಕಟ್ಟುವವನು ರೈತನೇ.

ಅಂಕಣಕಾರ ಜೀವವಿಮೆಯನ್ನು ಇದ್ದಲ್ಲೇ ಬಿಟ್ಟು, ಕಾನೂನು ಒಪ್ಪುವ ಆರೋಗ್ಯ ವಿಮೆಯ ಏಜೆನ್ಸಿಯೊಂದನ್ನು ಜೊತೆಗೆ ತೆಗೆದುಕೊಂಡ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾದ ಮೇಲೆ ಮಾನ್ವಿಯ ಅಂಗಡಿಯವರು ತಾವಾಗಿ ದರ ಕೇಳಲು ಶುರುಮಾಡಿದ್ದಾರೆ. ಅದೇ ನೆಪದಲ್ಲಿ ಕೆಲವು ಕಂಪನಿಗಳು ಕಮಿಷನ್ನಿಗೆ ಕತ್ತರಿ ಹಾಕಿವೆ. ಹಾಗಾಗಿ ಹೊಸ ದರಪಟ್ಟಿಯನ್ನು ಬಾಯಿಮಾತಿನಲ್ಲಿ ನಂಬದೆ, ಬರಹದಲ್ಲೇ ತರಿಸಿಕೊಂಡು ಅವನು ಸಹಿ ಹಾಕಿದ.