ಬಂಧನ ಕೇಂದ್ರದಲ್ಲಿರುವ ಆಶ್ರಯಾರ್ಥಿಗೆ ನಾವು ಏನು ಮಾಡಬಹುದು?

ಚಿತ್ತವಾಡ್ಗಿಯ ಮಹಿಳಾ ಸಂಘದ ಸಭೆಯಲ್ಲಿ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಅಲ್ರೀ ಸಿಸ್ಟರ್, ಜೈಲಿನ ಶಿಕ್ಷೆ ಮುಗಿದ ಮ್ಯಾಲೂ ಪರದೇಶದವರನ್ನ ಯಾಕ ಒಳಗ ಇಟ್ಕೊಂಡಿರ್ತಾರ?" ಹಂಪಿ ನೋಡಲು ವಿದೇಶಿಯರು ಬಂದು ಹೋಗುವ ಊರು ನಮ್ಮದು. ಆದರೆ ಜೀವ ಉಳಿಸಿಕೊಳ್ಳಲು ಓಡಿ ಬಂದ ವಿದೇಶಿಯರ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ. ಆ ತಾಯಿಯ ಪ್ರಶ್ನೆಯೇ ಈ ಸಲದ ಪಾಠ.

ಆಶ್ರಯಾರ್ಥಿ ಎಂದರೆ ಯಾರು?

ಯುದ್ಧ, ಜನಾಂಗ ದ್ವೇಷ ಅಥವಾ ಧರ್ಮ, ರಾಜಕೀಯದ ಕಾರಣಕ್ಕೆ ತನ್ನ ದೇಶದಲ್ಲಿ ಜೀವಭಯವಿದೆ ಎಂದು ಇನ್ನೊಂದು ದೇಶದಲ್ಲಿ ರಕ್ಷಣೆ ಕೇಳುವವರು ಆಶ್ರಯಾರ್ಥಿಗಳು. ನಮ್ಮ ರಾಜ್ಯಕ್ಕೆ ಇಂಥವರು ಹೊಸಬರಲ್ಲ. 1960ರ ದಶಕದಲ್ಲಿ ಬೈಲುಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟಿಯನ್ನರಿಗೆ ನೆಲೆ ಸಿಕ್ಕಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನಮ್ಮ ಪಕ್ಕದ ಸಿಂಧನೂರು ತಾಲ್ಲೂಕಿನ ಕ್ಯಾಂಪ್‌ಗಳಲ್ಲಿವೆ. ಆದ್ದರಿಂದ ಬಂಗಾಳಿ ಮಾತಾಡಿದವರೆಲ್ಲ ವಿದೇಶಿಯರು ಎಂದು ನಾವು ತೀರ್ಮಾನ ಮಾಡಬಾರದು.

ಕಾನೂನು ಏನು ಹೇಳುತ್ತದೆ?

1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ ಈಗ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದ್ದು, 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಸರಿಯಾದ ಕಾಗದಪತ್ರವಿಲ್ಲದೆ ದೇಶದೊಳಗೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಶಿಕ್ಷೆ ಮುಗಿದ ಮೇಲೆ ಅವರನ್ನು ವಾಪಸ್ ಕಳಿಸಬೇಕು. ಅದಕ್ಕೆ ಅವರ ದೇಶ ಪ್ರಯಾಣದ ಕಾಗದ ಕೊಡಬೇಕು. ಅದು ಬರುವ ತನಕ ಬಂಧನ ಕೇಂದ್ರ. ಆ ತಾಯಿಯ ಪ್ರಶ್ನೆಗೆ ಉತ್ತರ ಇದೇ. ನಮ್ಮ ರಾಜ್ಯದಲ್ಲಿ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ, ಹಿಂದೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡವನ್ನು 2020ರ ಹೊತ್ತಿಗೆ ಇಂಥ ಕೇಂದ್ರವಾಗಿ ಮಾಡಲಾಯಿತು.

ಹಾಗಾದರೆ ಅವರಿಗೆ ಹಕ್ಕೇ ಇಲ್ಲವೇ? ಇದೆ. ಸಂವಿಧಾನದ 14 ಮತ್ತು 21ನೇ ವಿಧಿಗಳು ಪ್ರಜೆಗಳಿಗೆ ಮಾತ್ರ ಅಲ್ಲ, ಈ ನೆಲದ ಮೇಲಿರುವ ಪ್ರತಿ ವ್ಯಕ್ತಿಗೂ ಅನ್ವಯಿಸುತ್ತವೆ. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರ ಜೀವ ಕಾಪಾಡುವುದು ಸರ್ಕಾರದ ಕರ್ತವ್ಯ ಎಂದಿತು. ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2021ರ ಏಪ್ರಿಲ್ 8ರಂದು ರೋಹಿಂಗ್ಯಾ ಜನರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ನಿಗದಿತ ಕ್ರಮ ಅನುಸರಿಸದೆ ಗಡೀಪಾರು ಮಾಡಬಾರದು ಎಂದಷ್ಟೇ ಹೇಳಿತು; ಗಡೀಪಾರನ್ನೇ ತಡೆಯಲಿಲ್ಲ.

ಅದೇ ವರ್ಷ ಮೇ 3ರಂದು ಮಣಿಪುರ ಹೈಕೋರ್ಟ್, ಸೇನಾ ದಂಗೆಯಿಂದ ತಪ್ಪಿಸಿಕೊಂಡು ಬಂದಿದ್ದ ಮ್ಯಾನ್ಮಾರಿನ 7 ಮಂದಿಗೆ ದೆಹಲಿಯ ವಿಶ್ವಸಂಸ್ಥೆ ನಿರಾಶ್ರಿತರ ಕಚೇರಿಗೆ ಹೋಗಲು ಅವಕಾಶ ಕೊಟ್ಟಿತು. ಅವರ ಪರವಾಗಿ ನಂದಿತಾ ಹಕ್ಸರ್ ಎಂಬ ವಕೀಲೆ ಅರ್ಜಿ ಹಾಕಿದ್ದರು. ಯಾರೋ ಒಬ್ಬರು ಹೊರಗಿನಿಂದ ಮಾತಾಡಿದ್ದಕ್ಕೆ ಆ ದಾರಿ ತೆರೆಯಿತು.

ನಾವು ಮಾಡಬೇಕಾದದ್ದು

1. ಮೊದಲು ಕಿವಿ ಕೊಡೋಣ. "ವಾಪಸ್ ಕಳಿಸಿದರೆ ನನ್ನ ಜೀವಕ್ಕೆ ಅಪಾಯ" ಎಂಬ ಮಾತು ಎಷ್ಟೋ ಸಲ ಭಾಷೆ ಬಾರದೆ, ಇಲ್ಲವೆ ಹೆದರಿಕೆಯಿಂದ, ಬಾಯಿಂದ ಹೊರಗೇ ಬರುವುದಿಲ್ಲ. ಅದು ಬರಹದಲ್ಲಿ ದಾಖಲಾಗಿ ಅಧಿಕಾರಿಗಳ ಕೈ ಸೇರುವಂತೆ ಮಾಡುವುದೇ ನಮ್ಮ ದೊಡ್ಡ ಸಹಾಯ.

2. ವಕೀಲರನ್ನು ಹುಡುಕೋಣ. ಬಂಧನದಲ್ಲಿರುವ ವ್ಯಕ್ತಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಬಹುದು.

3. ವಿಶ್ವಸಂಸ್ಥೆ ಕಚೇರಿಗೆ ವಕೀಲರ ಮೂಲಕ ತಿಳಿಸೋಣ. ಅದರ ಗುರುತಿನ ಚೀಟಿ ಸಿಕ್ಕ ಮಾತ್ರಕ್ಕೆ ಬಿಡುಗಡೆ ಆಗಿಬಿಡುವುದಿಲ್ಲ. ಆದರೂ ನ್ಯಾಯಾಲಯದ ಮುಂದೆ ಅದು ಒಂದು ಆಧಾರವಾಗಬಹುದು.

4. ಅನುಮತಿ ಪಡೆದು ಭೇಟಿ ಮಾಡೋಣ. ಕೊಟ್ಟ ದಿನಕ್ಕೆ ತಪ್ಪದೆ ಹೋಗೋಣ. ದಿನ ಎಣಿಸುತ್ತ ಕೂತವರಿಗೆ ತಪ್ಪಿದ ಒಂದು ಭೇಟಿಯೂ ಬಹಳ ದೊಡ್ಡದು. ಔಷಧಿ, ನಿದ್ದೆ, ಮಕ್ಕಳ ವಿಷಯ ವಿಚಾರಿಸಿ, ತಾರೀಖು ಸಮೇತ ಬರೆದಿಡೋಣ.

ನಾವು ಮಾಡಬಾರದ್ದು

ಒಳ್ಳೆ ಮನಸ್ಸಿನಿಂದಲೂ ಕೇಡಾಗುತ್ತದೆ. ಅವರ ಒಪ್ಪಿಗೆ ಇಲ್ಲದೆ ಅವರ ದೇಶದ ರಾಯಭಾರ ಕಚೇರಿಗೆ ಹೆಸರು ತಿಳಿಸಬಾರದು. ಯಾರಿಂದ ಓಡಿ ಬಂದರೋ ಅವರ ಕೈಗೇ ವಿಳಾಸ ಕೊಟ್ಟಂತಾದೀತು, ಊರಲ್ಲಿ ಉಳಿದ ಮನೆಯವರಿಗೂ ತೊಂದರೆಯಾದೀತು. ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಬಾರದು. ದುಭಾಷಿಯನ್ನು ಅವರನ್ನು ಕೇಳಿಯೇ ಆರಿಸಬೇಕು; ಒಂದೇ ಭಾಷೆಯವರೆಲ್ಲ ಒಂದೇ ಪಕ್ಷದವರಲ್ಲ. ಯಾರನ್ನೂ ಬಚ್ಚಿಡುವುದು, ಸುಳ್ಳು ಆಧಾರ್ ಮಾಡಿಸಿಕೊಡುವುದು ಬೇಡವೇ ಬೇಡ. ಅದು ಅಪರಾಧ, ಅವರ ನಿಜವಾದ ಕಥೆಯೂ ಆಮೇಲೆ ಸುಳ್ಳೆನಿಸಿಕೊಳ್ಳುತ್ತದೆ. "ನಿಮ್ಮನ್ನ ಬಿಡಿಸ್ತೀವಿ" ಎಂದು ಮಾತು ಕೊಡಬಾರದು. "ಮುಂದಿನ ವಾರ ಬರ್ತೀವಿ" ಎಂದು ಹೇಳಿ, ಬರಬೇಕು.

ಸಂಘದಲ್ಲಿ ಚರ್ಚಿಸಲು

1. ನಮ್ಮ ಓಣಿಗೆ ಬೇರೆ ಭಾಷೆಯ ಕುಟುಂಬ ಬಂದಾಗ ನಾವು ಮೊದಲು ಏನು ಕೇಳುತ್ತೇವೆ?

2. ಬೆಂಗಳೂರು, ಗಲ್ಫ್ ಎಂದು ದುಡಿಯಲು ಹೋದ ನಮ್ಮವರು ಭಾಷೆ ಬಾರದ ಕಡೆ ಪೊಲೀಸರ ಕೈಗೆ ಸಿಕ್ಕರೆ, ಯಾರು ಬಂದು ನೋಡಲಿ ಎಂದು ಬಯಸುತ್ತೇವೆ?

3. ಉಚಿತ ಕಾನೂನು ನೆರವಿನ ಕಚೇರಿ ನಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ? ಮುಂದಿನ ಸಭೆಯೊಳಗೆ ಇಬ್ಬರು ಹೋಗಿ ನೋಡಿಕೊಂಡು ಬನ್ನಿ.