ಸೈಕಲ್ಲಿನ ಬಿ.ಬಿ. ಸಡಿಲವಾಗಿದೆಯೇ?

ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಕರೀ ಸೈಕಲ್ಲನ್ನು ತುಳಿಯುವಾಗ ‘ಟಕ್ ಟಕ್’ ಶಬ್ದ ಬಂದರೆ ಹಾಗೆಯೇ ಬಿಡಬೇಡಿ. ಬಿ.ಬಿ. ಸಡಿಲವಾದರೆ ಒಳಗಿನ ಗುಂಡುಗಳು ಕಪ್‌ಗಳನ್ನೂ ಆಕ್ಸಲನ್ನೂ ಕೊರೆಯುತ್ತವೆ. ಗ್ರೀಸಿನ ಖರ್ಚಿನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಸಾಮಾನು ಬೇಕಾಗುತ್ತದೆ.

ಮೊದಲು ಚೈನು ಕಳಚಿ, ಎರಡೂ ಕ್ರ್ಯಾಂಕುಗಳನ್ನು ಹಿಡಿದು ಅಲ್ಲಾಡಿಸಿ. ಎರಡೂ ಒಟ್ಟಿಗೆ ಪಕ್ಕಕ್ಕೆ ಅಲ್ಲಾಡಿದರೆ ದೋಷ ಬಿ.ಬಿ.ಯದು. ಒಂದನ್ನು ಗಟ್ಟಿಯಾಗಿ ಹಿಡಿದಾಗಲೂ ಇನ್ನೊಂದು ಹಿಂದೆಮುಂದೆ ಕದಲಿದರೆ ಕಾಟರ್ ಪಿನ್ನು ಸವೆದಿದೆ. ಅದನ್ನು ಬದಲಿಸಿದರೆ ಸಾಕು. ಎಷ್ಟೋ ಜನ ಇದನ್ನು ನೋಡದೆ ಬಿ.ಬಿ.ಯನ್ನೇ ಬಿಚ್ಚಿಸುತ್ತಾರೆ!

ಬಿಗಿ ಮಾಡುವುದು ಎಡಗಡೆಯಿಂದ. ಲಾಕ್ ರಿಂಗ್ ಸಡಿಲಿಸಿ, ಕಪ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಸ್ವಲ್ಪಸ್ವಲ್ಪವೇ ತಿರುಗಿಸಿ. ಅಲ್ಲಾಟ ನಿಲ್ಲಬೇಕು, ಪೆಡಲು ಸರಾಗವಾಗಿ ತಿರುಗಬೇಕು. ಅತಿ ಬಿಗಿಯೂ ಕೇಡೇ. ಕಪ್ ಕದಲದಂತೆ ಹಿಡಿದು ರಿಂಗ್ ಬಿಗಿಯಿರಿ.

ತಿರುಗಿಸುವಾಗ ಕರಕರ ಎಂದರೆ ಒಳಗೆ ಕೆಸರು ಸೇರಿರಬಹುದು (ಗದ್ದೆ ದಾರಿಯ ಸೈಕಲ್ಲಿಗೆ ಮಳೆಗಾಲದಲ್ಲಿ ಇದು ಮಾಮೂಲು). ಎಡ ಕ್ರ್ಯಾಂಕ್, ಕಪ್ ತೆಗೆದು ಡೀಸೆಲ್‌ನಲ್ಲಿ ತೊಳೆಯಿರಿ. ಬಿಡಿ ಗುಂಡುಗಳಾದರೆ ಬದಿಗೆ 11ರಂತೆ ಕಾಲಿಂಚಿನ ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿ. ಗುಳಿ ಬಿದ್ದ ಕಪ್ ಮತ್ತೆ ಹಾಕಬೇಡಿ. ಬಲಗಡೆಯ ಕಪ್‌ಗೆ ಉಲ್ಟಾ ತಿರುಪಿದೆ. ಅದನ್ನು ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು.